ಅಧ್ಯಕ್ಷರು ಆಮ್ಯಾಲೆ, ಮೊದ್ಲು ಬೈಲಾ

ಸಂಪಾದಕರೇ,

ರಾಯಚೂರು ಜಿಲ್ಲೆಯಾಗ ಮಹಿಳಾ ವಕೀಲರದ್ದೇ ಒಂದ್ ಸಂಘ ಮಾಡೋಣ ಅಂತ ನಾವು ಕೆಲವರು ಮಾತಾಡ್ಕೊಂಡೀವಿ, ಆದ್ರ ಮಾತು ಶುರುವಾದ ಕೂಡ್ಲೆ ಎಲ್ಲಾರೂ ಅಧ್ಯಕ್ಷರು ಯಾರು ಅಂತಾರ, ಬೈಲಾ, ಅಂದ್ರ ಸಂಘದ ನಿಯಮಾವಳಿ, ಯಾರೂ ಕೇಳಂಗಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಮಂದಿ ಇದ್ರ ಸಾಕು, ಅದೇನ್ ದೊಡ್ಡದಲ್ಲ.

ಮೆಂಬರ್‌ಶಿಪ್ಪೇ ಜಗಳ. ರಾಜ್ಯ ವಕೀಲರ ಪರಿಷತ್ತಿನ ಸನ್ನದು (ವಕೀಲಿ ಮಾಡೋ ಪರವಾನಗಿ) ಇದ್ದೋರೆಲ್ಲಾ ಪೂರ್ತಿ ಸದಸ್ಯರಾಗ್ಲಿ, ಮದುವಿ ಬಾಣಂತನ ಅಂತ ಪ್ರಾಕ್ಟೀಸ್ ಬಿಟ್ಟು ಮತ್ತ ಬರೋರನ್ನ ಹೊರಗ ಇಡಬ್ಯಾಡ್ರಿ, ಲಾ ಓದೋ ಹುಡುಗ್ಯಾರಿಗೆ ವೋಟಿಲ್ಲದ ಸದಸ್ಯತ್ವ ಕೊಡ್ರಿ. ಜೂನಿಯರ್‌ಗೆ ಫೀ ಕಮ್ಮಿ ಇರ್ಲಿ, ಬಸ್ ಚಾರ್ಜಿಗೇ ಸಾಲದಿದ್ದಾಗ ಸಾವಿರಗಟ್ಲೆ ಯಾರ್ ಕಟ್ತಾರ? ಪದಾಧಿಕಾರಿಗಳೆಲ್ಲಾ ರಾಯಚೂರಿನವರೇ ಆದ್ರ ನಡಿಯಂಗಿಲ್ಲ, ಲಿಂಗಸುಗೂರು, ದೇವದುರ್ಗ, ಮಾನ್ವಿ ಕೋರ್ಟಿನವರೂ ಬೇಕು.

ಉದ್ದೇಶ ಬರಿಯೋವಾಗ ಬರೇ ಸನ್ಮಾನ, ಮಹಿಳಾ ದಿನಾಚರಣೆ ಬರೀಬ್ಯಾಡ್ರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಾಗ ಹೆಣ್ಮಕ್ಳಿಗೆ ಆದಾಯ ನೋಡ್ದಂಗ ಪುಕ್ಕಟೆ ವಕೀಲರನ್ನ ಕೊಡ್ತಾರ, ಹಳ್ಯಾಗ ಇದನ್ನ ಹೇಳೋದೇ ಮೊದಲ್ನೇ ಕೆಲಸ ಆಗ್ಬೇಕು. ಮತ್ತ ಇದು ಬಾರ್ ಅಸೋಸಿಯೇಷನ್ (ಈಗಿರೋ ಎಲ್ಲಾ ವಕೀಲರ ಸಂಘ) ಬಿಟ್ಟು ಹೋಗೋ ಸಂಘ ಅಲ್ಲ. ಸುಪ್ರೀಂ ಕೋರ್ಟ್ ಬಾರ್ ಅಸೋಸಿಯೇಷನ್ ಕಾರ್ಯಕಾರಿ ಸಮಿತಿಯಾಗ ಮೂರನೇ ಒಂದ್ ಭಾಗ ಹೆಣ್ಮಕ್ಳಿಗೆ ಅಂತ 2024ರಾಗ ಕೋರ್ಟೇ ಹೇಳೈತಿ, ನಮ್ಮ ಜಿಲ್ಲೆಯಾಗೂ ಅದನ್ನೇ ಕೇಳೋಣು.

- ಒಬ್ಬ ವಕೀಲೆ, ಲಿಂಗಸುಗೂರು