ನಿವೃತ್ತಿಯಾಗಿ ಊರಿಗೆ ಬಂದವಳ ಥ್ಯಾಂಕ್ಸ್

ಸೇವೆ ಮುಗಿಸಿ ದಾವಣಗೆರೆಗೆ ವಾಪಸ್ ಬಂದಾಯ್ತು. ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ಈಗಲೂ ನನ್ನನ್ನು "ಮಿಲಿಟರಿ ಇಲಾಖೆ ಸೆಕ್ರೆಟರಿ, ತೋಪು ವಿಮಾನ ಎಲ್ಲಾ ಇವ್ರ ಕೈಯಾಗೇ ಇದ್ವು" ಅಂತಲೇ ಪರಿಚಯಿಸುತ್ತಾರೆ. ನನ್ನ ಕೈಯಲ್ಲಿ ಇದ್ದದ್ದು ಕಡತ. ನಾನು ಕಾರ್ಯದರ್ಶಿಯಾಗಿದ್ದದ್ದು ರಕ್ಷಣಾ ಸಚಿವಾಲಯದೊಳಗೆ 2004ರಲ್ಲಿ ಹುಟ್ಟಿದ ಮಾಜಿ ಸೈನಿಕರ ಕಲ್ಯಾಣ ಇಲಾಖೆಗೆ. ಅದಕ್ಕೆ ಪಿಂಚಣಿ, ಚಿಕಿತ್ಸೆ, ಮರು ಉದ್ಯೋಗ ಇವೇ ಕೆಲಸ. ನನಗೆ 60ಕ್ಕೆ ಬಂದ ನಿವೃತ್ತಿ ಒಬ್ಬ ಸಿಪಾಯಿಗೆ ನಲವತ್ತರೊಳಗೇ ಬಂದುಬಿಡುತ್ತದೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತವೆ. 'ಒಂದು ಶ್ರೇಣಿ, ಒಂದು ಪಿಂಚಣಿ'ಗಾಗಿ, ಅಂದರೆ ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ದುಡಿದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಸಿಗಲೆಂದು, ಅವರು ಅಷ್ಟು ವರ್ಷ ಯಾಕೆ ಹಟ ಹಿಡಿದಿದ್ದರು ಎಂಬುದು ನನಗೆ ಅರ್ಥವಾಗಿದ್ದು 2015ರ ಆದೇಶ ಓದಿ ಅಲ್ಲ, ಈ ಲೆಕ್ಕ ಹಾಕಿ.

ನನ್ನ ಆಪ್ತ ಕಾರ್ಯದರ್ಶಿ, ಚಾಲಕರು, ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕದ ಕಚೇರಿಯವರು, ಜಿಲ್ಲಾ ಸೈನಿಕ ಮಂಡಳಿಗಳ ಸಿಬ್ಬಂದಿ, ನನ್ನ ಸಿಟ್ಟು ಸಹಿಸಿಕೊಂಡ ಸಹೋದ್ಯೋಗಿಗಳು, ನಿಮಗೆಲ್ಲ ಕೈಮುಗಿದು ಥ್ಯಾಂಕ್ಸ್. ಬೀಳ್ಕೊಡುಗೆಯ ದಿನ ಮೈಕ್ ಹಿಡಿದು ಹೇಳಿದ್ದೇನೆ, ಮತ್ತೆ ಹೇಳುವುದಿಲ್ಲ.

ಅಲ್ಲಿ ಹೇಳಲಾಗದೆ ಉಳಿದದ್ದು ಒಬ್ಬಳ ವಿಷಯ. ಎದುರು ಮನೆಯಾಕೆ. ಹೆಸರು ಹಾಕಿದರೆ ಬೈತಾಳೆ. ಬೆಳಗಿನ ಜಾವಕ್ಕೇ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋಗುವವಳು, ನನಗಿಂತ ಚಿಕ್ಕವಳು. ನಾನು ದೆಹಲಿಯಲ್ಲಿದ್ದಾಗ ಒಂದು ರಾತ್ರಿ ಇಲ್ಲಿ ಅವ್ವನ ಜೀವಕ್ಕೇ ಕುತ್ತು ಬಂದು ಐಸಿಯು ಸೇರಿದ್ದು ನಿಮಗೆಲ್ಲ ಗೊತ್ತು. ಮರುದಿನ ಬೆಳಿಗ್ಗೆ ನಾನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಪಿಂಚಣಿ ಅನುದಾನದ ಬೇಡಿಕೆಗೆ ಉತ್ತರ ಕೊಡಬೇಕಿತ್ತು. ಸುಮಾರು 32 ಲಕ್ಷ ಪಿಂಚಣಿದಾರರ ಬಾಬತ್ತು. 2024–25ರ ಬಜೆಟ್‌ನಲ್ಲಿ ಅದಕ್ಕೆಂದು ಇಟ್ಟದ್ದೇ 1.41 ಲಕ್ಷ ಕೋಟಿ ರೂಪಾಯಿ ಅಂದರೆ ಗಾತ್ರ ಊಹಿಸಿಕೊಳ್ಳಿ. ದೆಹಲಿಯಿಂದ ಬೆಂಗಳೂರಿಗೆ ಕೊನೆಯ ವಿಮಾನವೂ ಹೋಗಿಯಾಗಿತ್ತು. ತಮ್ಮ ದುಬೈಯಲ್ಲಿ.

ಆಟೋ ಕರೆದವಳು ಆಕೆ, ಅವ್ವನನ್ನು ಎತ್ತಿ ಕೂರಿಸಿದವಳು ಆಕೆ. ಐಸಿಯು ಬಾಗಿಲಲ್ಲಿ ನರ್ಸ್ ಬಿಚ್ಚಿಕೊಟ್ಟ ಅವ್ವನ ಬಳೆ, ಸರ ಸೆರಗಿನ ತುದಿಗೆ ಕಟ್ಟಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ರಾತ್ರಿಯಿಡೀ ಕೂತಳಂತೆ. ನಾನು ಎಷ್ಟು ಸಲ ಫೋನ್ ಮಾಡಿದೆನೋ, ಅಷ್ಟು ಸಲವೂ ಮೊದಲ ರಿಂಗಿಗೇ ಎತ್ತಿದಳು. "ನಾನು ಹೆಂಗಾದ್ರೂ ಹೊರಟು ಬರ್ತೀನಿ" ಅಂದರೆ, "ಬಂದು ಏನ್ ಮಾಡ್ತೀರಿ ಅಕ್ಕಾರ, ಇಲ್ಲಿ ಇರೋದೇ ಒಂದು ಕುರ್ಚಿ" ಅಂದಳು. ಅಂಥ ಹೊತ್ತಲ್ಲೂ ನಗು ಬಂತು. ಆಮೇಲೆ ಫೋನ್ ಇಟ್ಟು ಅತ್ತೆ. ಮುಂದಿದ್ದ ಟಿಪ್ಪಣಿಯ ಒಂದು ಅಂಕಿಯೂ ಕಣ್ಣಿಗೆ ಕಾಣಲಿಲ್ಲ. ಅವ್ವ ಸತ್ತರೆ ಈ ಹುದ್ದೆ, ಈ ಬಂಗಲೆ ಯಾರಿಗೆ ಬೇಕು ಅಂತ ಗೋಡೆಗೆ ಕೇಳಿದ್ದೇನೆ.

ನಡುರಾತ್ರಿ ಏನೋ ಫಾರಂ ತಂದರಂತೆ, ತಕ್ಷಣ ಸಹಿ ಬೇಕೆಂದು. ಸಂಬಂಧ ಅನ್ನುವ ಕಡೆ 'ಮಗಳು' ಅಂತ ಬರೆದು ಸಹಿ ಹಾಕಿದ್ದಾಳೆ. ನನಗೆ ಹೇಳಿದ್ದು ಬೆಳಿಗ್ಗೆ, "ತಪ್ಪಾತೇನ್ರಿ?" ಅಂತ. ಸೈನಿಕನ ಹೆಂಡತಿಯ ಹೆಸರು ರೆಜಿಮೆಂಟಿನ ದಾಖಲೆಯಲ್ಲಿ, ಅಂದರೆ ಪಾರ್ಟ್ ಟು ಆರ್ಡರಿನಲ್ಲಿ ಸೇರದೇ ಉಳಿದಿದ್ದರೆ ಕುಟುಂಬ ಪಿಂಚಣಿ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆಂದು ಇಲಾಖೆಯಲ್ಲಿದ್ದವರಿಗೆ ಗೊತ್ತು. ಸಂಬಂಧಕ್ಕೆ ದಾಖಲೆ ಕೇಳುವುದೇ ನಮ್ಮ ಉದ್ಯೋಗ, ಕೇಳದಿದ್ದರೆ ವಂಚನೆ ನಡೆಯುತ್ತದೆ, ಅದೂ ನಿಜ. ಆದರೆ ಆ ದಿನದಿಂದ ಅಂಥ ವಿಧವೆಯರ ಕಡತ ಬಂದಾಗ ಮೇಲಿನ ಟಿಪ್ಪಣಿಗೆ ಸಹಿ ಹಾಕಿ ದೂಡದೆ ಕೆಳಗಿನ ಅರ್ಜಿಯನ್ನೂ ಓದುತ್ತಿದ್ದೆ. ಕೆಲವಕ್ಕೆ ದಾರಿ ಸಿಕ್ಕಿತು, ಕೆಲವಕ್ಕೆ ಇಲ್ಲ.

ಸಮಿತಿಯ ಮುಂದೆ ಹೋದೆ, ಉತ್ತರ ಕೊಟ್ಟೆ. ಅವ್ವ ಈಗ ಜಗಲಿಯ ಮೇಲೆ ಕೂತು, ನಾನು ಮಾಡಿದ ಸಾರಿಗೆ ಹುಳಿ ಸಾಲದೆಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಎದುರು ಮನೆಯಾಕೆ ಆ ದಿನದ ಕೂಲಿ ಕೊಡಹೋದರೆ ತಗೊಳ್ಳಲಿಲ್ಲ. ಮಗನ ಫೀಸಿಗೆ ಅಂದರೂ ಬೇಡ ಅಂದಳು. ಅವಳ ಮಗ ಇದನ್ನು ಓದಿ ಹೇಳುತ್ತಾನೆಂದು ಗೊತ್ತಿದ್ದೇ ಬರೆದಿದ್ದೇನೆ. ಬೈದರೆ ಬೈಯಲಿ.

ಮನೆಗೆ ಬರುವವರು ಹತ್ತು ಗಂಟೆಯ ಮೇಲೆ ಬನ್ನಿ. ಹಾರ, ಶಾಲು ಬೇಡ. ನಿಮ್ಮ ಬೀದಿಯಲ್ಲಿ, ಬದುಕಿದ್ದೇನೆಂದು ತೋರಿಸುವ ಲೈಫ್ ಸರ್ಟಿಫಿಕೇಟ್ ಕೊಡದೆ ಪಿಂಚಣಿ ನಿಂತ ಹಿರಿಯ ಸೈನಿಕರಿದ್ದರೆ ಆಧಾರ್ ಕಾರ್ಡ್ ಸಮೇತ ಕರೆತನ್ನಿ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವುದನ್ನು ನಾನೇ ಕಲಿತಿದ್ದೇನೆ.