ದೇವರಿಗಾಗಿ ಅಳುವವರನ್ನು ನಂಬಿಕೆ ಇಲ್ಲದವರು ಅನ್ನಬೇಡಿ

ಮಾನ್ಯ ಸಂಪಾದಕರೇ,

ಖಿನ್ನತೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಕೆಲವು ದಿನಗಳಿಂದ ಓದುಗರ ಪತ್ರಗಳು ಬರುತ್ತಿವೆ. ಒಳ್ಳೆಯ ಕೆಲಸ, ನಿಲ್ಲಿಸಬೇಡಿ. ಅವುಗಳಲ್ಲಿ ಒಬ್ಬರು, ನಿಜವಾದ ದೈವಭಕ್ತಿ ಇದ್ದವರು ಮನಸ್ಸು ಕುಗ್ಗಿಸಿಕೊಂಡು ಕೂರುವುದಿಲ್ಲ, ಪ್ರಾರ್ಥನೆ ಜಾಸ್ತಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಬರೆದಿದ್ದರು. ಅವರು ಯಾವ ಧರ್ಮದವರೋ ಗೊತ್ತಿಲ್ಲ. ಆದರೆ ಇದೇ ಮಾತನ್ನು ನಮ್ಮ ಕ್ರೈಸ್ತರ ನಡುವೆಯೂ ಕೇಳಿದ್ದೇನೆ, ನನ್ನ ಮುಖದ ಎದುರಿಗೇ ಕೇಳಿದ್ದೇನೆ. ಅದಕ್ಕೇ ಬರೆಯಲು ಕೂತೆ.

ನಾನು ಗದಗ-ಬೆಟಗೇರಿ ಕಡೆಯವಳು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾಗಿರುವ ಮನೆತನ. ಭಾನುವಾರದ ಆರಾಧನೆ, ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕೂತು ಮಾಡುವ ಪ್ರಾರ್ಥನೆ, ಕ್ರಿಸ್‌ಮಸ್ ಬಂದರೆ ಚಳಿಯಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ಸ್, ಇವೆಲ್ಲ ನನಗೆ ಊಟ ನಿದ್ದೆಯಷ್ಟೇ ಸಹಜವಾಗಿದ್ದವು. ನನ್ನ ಯಜಮಾನರು ತೀರಿಕೊಂಡ ಮೇಲೆ ಅದೆಲ್ಲ ಒಣಗಿಹೋಯಿತು. ದೇವರಿಲ್ಲ ಅಂತ ಅನ್ನಿಸಲಿಲ್ಲ. ಇದ್ದಾನೆ, ಆದರೆ ನನ್ನ ಕಡೆ ಮುಖ ತಿರುಗಿಸುತ್ತಿಲ್ಲ ಅನ್ನಿಸಿತು. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗ ನಾನೂ ಪುಸ್ತಕ ಹಿಡಿದು ನಿಲ್ಲುತ್ತಿದ್ದೆ, ಗಂಟಲಿನಿಂದ ಸ್ವರ ಹೊರಡುತ್ತಿರಲಿಲ್ಲ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಾರ್ಥನಾ ಕೂಟ ನಡೆಯಿತು. ಮುಗಿದ ಮೇಲೆ ಬಂದವರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಎಲ್ಲೋ ಅರಿಕೆ ಮಾಡದ ಪಾಪ ಉಳಿದಿರಬೇಕು, ಇಲ್ಲಾಂದ್ರೆ ನಂಬಿಕೆ ಸಾಲದು, ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ನನಗೆ ಗೊತ್ತು. ಆದರೆ ಆ ರಾತ್ರಿ ಗಂಡನನ್ನು ಕಳೆದುಕೊಂಡ ದುಃಖದ ಮೇಲೆ ದೇವರನ್ನೂ ಕಳೆದುಕೊಂಡೆನೇನೋ ಎಂಬ ಭಯ ಸೇರಿಕೊಂಡಿತು. ಕುಗ್ಗಿದವರ ತಲೆಯ ಮೇಲೆ ತಪ್ಪಿನ ಹೊರೆಯನ್ನೂ ಹೊರಿಸಿದರೆ ಅವರು ಏಳುವುದಾದರೂ ಹೇಗೆ?

ನನ್ನನ್ನು ಎಬ್ಬಿಸಿದ್ದು ಬೈಬಲ್ಲೇ. ಅದನ್ನು ನನ್ನ ಮುಂದೆ ತೆರೆದವರು ನಮ್ಮ ಸಭೆಯ, ಅಂದರೆ ಚರ್ಚಿನ, ಒಬ್ಬ ವಯಸ್ಸಾದ ತಾಯಿ, ಹೆಚ್ಚು ಓದಿದವರಲ್ಲ. ಒಂದು ಮಧ್ಯಾಹ್ನ ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಬದನೆಕಾಯಿ ಎಣಗಾಯಿ, ಕಾಗದದಲ್ಲಿ ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಮೊದಲು ಉಣ್ಣಿಸಿದರು. ನಾನು ಉಣ್ಣುವಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಆಮೇಲೆ ತಮ್ಮ ಚೀಲದಿಂದ ಹಳೇ ಸೀರೆಯ ಬಟ್ಟೆಯಲ್ಲಿ ಹೊದಿಕೆ ಹೊಲಿದಿದ್ದ ಬೈಬಲ್ ತೆಗೆದು 42ನೇ ಕೀರ್ತನೆಯನ್ನು, ಅಂದರೆ ಅದರಲ್ಲಿರುವ ಭಕ್ತಿಹಾಡುಗಳಲ್ಲಿ ಒಂದನ್ನು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಧಾನವಾಗಿ ಓದಿದರು. ಓದಿ ಮುಚ್ಚಿಟ್ಟು, "ಇವನೂ ನಿನ್ನಂಗೇ ಅತ್ತಾನವ್ವ" ಅಂದರು. ಅಷ್ಟೇ. ಚರ್ಚಿನ ಪ್ರವಚನದ ಹಾಗೆ ಪ್ರಸಂಗ ಇಲ್ಲ, ಬುದ್ಧಿಮಾತು ಇಲ್ಲ.

ಆ ಕೀರ್ತನೆ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಬಾಯಾರಿದ ಜಿಂಕೆ ನೀರಿಗೆ ಹಂಬಲಿಸುವ ಹಾಗೆ ನನ್ನ ಪ್ರಾಣ ನಿನಗಾಗಿ ಹಂಬಲಿಸುತ್ತದೆ ಎಂದು ಶುರುವಾಗುತ್ತದೆ. ಕ್ರೈಸ್ತರಲ್ಲದವರೂ ಎಲ್ಲಾದರೂ ಕೇಳಿರುತ್ತೀರಿ. ಆದರೆ ನಾವು ಮೊದಲ ಸಾಲನ್ನಷ್ಟೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ, ಮುಂದಿನದನ್ನು ಓದುವುದಿಲ್ಲ. ಮುಂದೆ ಏನಿದೆ ಗೊತ್ತಾ? ಹಾಡುವವನಿಗೆ ಹಗಲೂ ರಾತ್ರಿ ಕಣ್ಣೀರೇ ಊಟ. ನಿನ್ನ ದೇವರೆಲ್ಲಿ ಎಂದು ಜನ ಅವನನ್ನು ಕೇಳುತ್ತಿದ್ದಾರೆ, ಒಂದು ಸಲ ಅಲ್ಲ, ಎರಡು ಸಲ. ಅವನು ಜೆರುಸಲೇಮಿನ ದೇವಾಲಯದಿಂದ ದೂರ, ಉತ್ತರದಲ್ಲಿ ಯೊರ್ದನ್ ನದಿ ಹುಟ್ಟುವ ಹೆರ್ಮೋನ್ ಬೆಟ್ಟದ ಕಡೆ ಎಲ್ಲೋ ಇದ್ದಾನೆ. ಹಬ್ಬದ ದಿನ ಜನರ ಗುಂಪಿನ ಜೊತೆ ಹಾಡುತ್ತಾ ದೇವರ ಮನೆಗೆ ಹೋಗುತ್ತಿದ್ದುದನ್ನು ನೆನೆಸಿಕೊಂಡು ಕರಗಿಹೋಗುತ್ತಾನೆ. ಆ ಸಾಲಿಗೆ ಬಂದಾಗ ನನಗೆ ಕ್ಯಾರಲ್ಸ್ ರಾತ್ರಿಗಳು ನೆನಪಾದವು, ಕೈಯಲ್ಲಿ ಟಾರ್ಚ್ ಹಿಡಿದು ಮುಂದೆ ಹೋಗುತ್ತಿದ್ದ ನಮ್ಮವರು ನೆನಪಾದರು.

ಇನ್ನೊಂದು ಮಾತು. ಮೊದಲ ಸಾಲಿನಲ್ಲಿ ಗುಟುಕು ನೀರಿಗಾಗಿ ಬಾಯಿಬಿಟ್ಟವನ ತಲೆಯ ಮೇಲೆ ಕೆಲವೇ ಸಾಲುಗಳಾದ ಮೇಲೆ ಜಲಪಾತಗಳೂ ಅಲೆಗಳೂ ಬಂದು ಅಪ್ಪಳಿಸುತ್ತವೆ. ಬೇಡಿದ್ದು ನೀರು, ಮುಳುಗಿಸುತ್ತಿರುವುದೂ ನೀರು. ದೇವರಿಗಾಗಿ ಹಂಬಲಿಸಿ ದುಃಖದಲ್ಲಿ ಮುಳುಗಿದವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ದೇವರನ್ನು ನನ್ನ ಬಂಡೆ ಅಂತ ಕರೆಯುತ್ತಾನೆ, ಅದೇ ಉಸಿರಿನಲ್ಲಿ ಯಾಕೆ ನನ್ನನ್ನು ಮರೆತುಬಿಟ್ಟೆ ಎಂದು ಕೇಳುತ್ತಾನೆ. ನಡುನಡುವೆ ತನ್ನ ಮನಸ್ಸಿಗೆ ತಾನೇ ಯಾಕೆ ಕುಗ್ಗಿದ್ದೀ, ದೇವರನ್ನು ಕಾದುಕೊಂಡಿರು ಎಂದು ಹೇಳಿಕೊಳ್ಳುತ್ತಾನೆ. 42ನೇ ಕೀರ್ತನೆಯಲ್ಲಿ ಎರಡು ಸಲ, 43ರಲ್ಲಿ ಮತ್ತೊಂದು ಸಲ. ಎರಡೂ ಸೇರಿ ಮೊದಲು ಒಂದೇ ಹಾಡಾಗಿತ್ತು ಎಂದು ಬಲ್ಲವರು ಹೇಳುತ್ತಾರೆ. ಮೂರನೇ ಸಲ ಹೇಳಿಕೊಳ್ಳುವಾಗಲೂ ಅವನ ಪರಿಸ್ಥಿತಿ ಬದಲಾಗಿಲ್ಲ, ಇನ್ನೂ ಊರು ಮುಟ್ಟಿಲ್ಲ. ನನಗೆ ಸಮಾಧಾನ ಕೊಟ್ಟದ್ದೇ ಇದು. ಇಷ್ಟೆಲ್ಲ ಅತ್ತವನ ಹಾಡನ್ನು ದೇವಜನರು ಎಸೆಯಲಿಲ್ಲ, ಪವಿತ್ರಗ್ರಂಥದ ನಡುವೆಯೇ ಇಟ್ಟುಕೊಂಡರು. 150 ಕೀರ್ತನೆಗಳಲ್ಲಿ ಮೊರೆಯಿಡುವ, ಗೋಳಾಡುವ ಕೀರ್ತನೆಗಳು ಎಷ್ಟೊಂದಿವೆ! 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬಂತು ಎಂಬ ಮಾತೇ ಅಲ್ಲಿಲ್ಲ.

ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ ಇಡೀ ಬೈಬಲ್ 1831ರಲ್ಲಿ ಕನ್ನಡಕ್ಕೆ ಬಂತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ನಾಡಿನ ಎಷ್ಟು ವಿಧವೆಯರು, ಎಷ್ಟು ಬಡವರು ಈ ಸಾಲುಗಳನ್ನು ಕನ್ನಡದಲ್ಲೇ ಓದಿ ಅತ್ತಿರಬಹುದು ಅಂತ ಯೋಚಿಸುತ್ತೇನೆ. ನಾನೂ ಆ ಸಾಲಿನವಳೇ ಎಂದುಕೊಂಡಾಗ ಒಂಟಿತನ ಸ್ವಲ್ಪ ಕಡಿಮೆಯಾಗುತ್ತದೆ.

ಭಕ್ತಿ ಇದ್ದವರು ಕುಗ್ಗುವುದಿಲ್ಲ ಅಂದ ಆ ಓದುಗರಿಗೆ ಪ್ರವಾದಿ ಎಲೀಯನ ಕಥೆ ಹೇಳಬೇಕು. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡವನು, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಕಾಡಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ದೇವರು ಅವನನ್ನು ಬೈದನಾ? ಇಲ್ಲ. ಮಲಗಲು ಬಿಟ್ಟ. ದೇವದೂತ ಬಂದು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ಉಂಡು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ, ನಿನಗೆ ದಾರಿ ದೂರ ಇದೆ, ಉಣ್ಣು ಎಂದ. ಆ ತಾಯಿ ನನಗೆ ರೊಟ್ಟಿ ತಂದದ್ದು ಈ ಕಥೆ ನೆನೆಸಿಕೊಂಡಾ ಅಂತ ಆಮೇಲೆ ಕೇಳಿದೆ. "ಇಲ್ಲವ್ವಾ, ನೀ ಉಂಡಿರಾಂಗಿಲ್ಲ ಅಂತ ತಂದೆ" ಅಂದರು.

ಬೈಬಲ್ ಕಾಲದವರಷ್ಟೇ ಅಲ್ಲ. ಲಂಡನ್ನಿನ ಹೆಸರಾಂತ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ ಹೆಸರನ್ನು ನಮ್ಮ ಸಭೆಗಳಲ್ಲಿ ಗೌರವದಿಂದ ಹೇಳುತ್ತಾರೆ. 1856ರ ಅಕ್ಟೋಬರ್‌ನಲ್ಲಿ, ಅವರಿಗೆ ಬರೀ 22 ವರ್ಷ, ಅವರ ಪ್ರಸಂಗ ಕೇಳಲು ಸಾವಿರಾರು ಜನ ಸೇರಿದ್ದ ಸಭಾಂಗಣದಲ್ಲಿ ಯಾರೋ ಬೆಂಕಿ ಬೆಂಕಿ ಎಂದು ಸುಳ್ಳೇ ಕೂಗಿದರು. ಕಾಲ್ತುಳಿತದಲ್ಲಿ 7 ಜನ ಸತ್ತರು. ಅದಾದ ಮೇಲೆ ಬೈಬಲ್ ಕಂಡರೂ ಅಳು ಬರುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಜೀವನವಿಡೀ ಅವರಿಗೆ ಖಿನ್ನತೆ ಮರಳಿ ಮರಳಿ ಬಂತು. ಅದನ್ನು ಮುಚ್ಚಿಡದೆ ತಮ್ಮ ವಿದ್ಯಾರ್ಥಿಗಳಿಗೂ ಹೇಳಿದರು. ಅವರ ಪ್ರಸಂಗಗಳನ್ನು ಇಷ್ಟಪಟ್ಟು ಓದುವವರು ಈ ಭಾಗವನ್ನು ಯಾಕೆ ಬಿಡುತ್ತಾರೋ ನನಗೆ ತಿಳಿಯದು.

ಮದರ್ ತೆರೇಸಾ ಅವರ ವಿಷಯ ಕೇಳಿ. 1997ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷದ ನಂತರ, 2007ರಲ್ಲಿ, ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಅವರು ಬರೆದಿದ್ದ ಪತ್ರಗಳು ಪುಸ್ತಕವಾಗಿ ಹೊರಬಂದವು. ಆ ಪತ್ರಗಳನ್ನು ಸುಟ್ಟುಬಿಡಿ ಎಂದು ಅವರು ಕೇಳಿಕೊಂಡಿದ್ದರಂತೆ. ಕೊಲ್ಕತ್ತಾದಲ್ಲಿ ಬಡವರ ನಡುವೆ ಕೆಲಸ ಶುರುಮಾಡಿದ ಹೊತ್ತಿನಿಂದ ಹಿಡಿದು ಹತ್ತಿರ ಹತ್ತಿರ ಐವತ್ತು ವರ್ಷ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗಲಿಲ್ಲ, ನಡುವೆ ಅಲ್ಪಕಾಲ ಬಿಟ್ಟರೆ. 1979ರಲ್ಲಿ ನೊಬೆಲ್ ಬಂದಾಗಲೂ ಒಳಗೆ ಇದೇ ಕತ್ತಲೆ. ಪತ್ರಗಳು ಬಂದಾಗ ಕೆಲವರು, ನೋಡಿ, ಅವರಿಗೇ ನಂಬಿಕೆ ಇರಲಿಲ್ಲ ಎಂದರು. ನನಗೆ ಹಾಗೆ ಕಾಣುವುದಿಲ್ಲ. ಪುಣೆಯಲ್ಲಿ ಪಾದ್ರಿಗಳಾಗುವವರು ಓದುವ ಸೆಮಿನರಿಯಲ್ಲಿ ಪಾಠ ಮಾಡುತ್ತಿದ್ದ, ಆಸ್ಟ್ರಿಯಾದಿಂದ ಬಂದ ಜೆಸ್ವಿಟ್ ಸಂಘದ ಪಾದ್ರಿ ಜೋಸೆಫ್ ನೊಯ್ನರ್ ಅವರ ಮುಂದೆ 1961ರ ಸುಮಾರಿಗೆ ತೆರೇಸಾ ಈ ನೋವನ್ನು ತೋಡಿಕೊಂಡರು. ನೊಯ್ನರ್ ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿದೆ. ದೇವರಿಗಾಗಿ ನಿಮಗೆ ಇಷ್ಟೊಂದು ಹಂಬಲ ಇದೆಯಲ್ಲ, ಅವನು ನಿಮ್ಮೊಳಗೆ ಮರೆಯಾಗಿ ಇದ್ದಾನೆ ಎಂಬುದಕ್ಕೆ ಅದೇ ಗುರುತು ಎಂಬರ್ಥದ ಮಾತು ಅದು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ನನಗೆ ಈ ಕತ್ತಲೆಯ ಮೇಲೂ ಪ್ರೀತಿ ಹುಟ್ಟಿದೆ ಎಂದು ತೆರೇಸಾ ಆ ಪಾದ್ರಿಗೆ ಬರೆದರು.

ನಾನು ಪ್ರೊಟೆಸ್ಟೆಂಟ್, ಅವರು ಕ್ಯಾಥೊಲಿಕ್, ಆದರೆ ಈ ಮಾತಿಗೆ ಗೋಡೆ ಎಲ್ಲಿದೆ? ಅಷ್ಟೇ ಯಾಕೆ, ದೇವರು ಮುಖ ತೋರಿಸಲಿಲ್ಲವೆಂದು ಹಂಬಲಿಸಿ ಹಾಡಿದವರು ನಮ್ಮ ವಚನಕಾರ್ತಿಯರಲ್ಲೂ ದಾಸರಲ್ಲೂ ಇದ್ದಾರೆ, ಅವರನ್ನು ನಾಡು ಭಕ್ತಿ ಇಲ್ಲದವರು ಅನ್ನಲಿಲ್ಲ. ಪ್ರೀತಿ ಇಲ್ಲದ ಕಡೆ ಯಾರೂ ಹೀಗೆ ಕಾಯುವುದಿಲ್ಲ. ನನಗೆ ದೇವರು ಬೇಡವಾಗಿದ್ದರೆ ಅವನು ಸುಮ್ಮನಿದ್ದಾನೆ ಎಂದು ನಾನ್ಯಾಕೆ ಅಳುತ್ತಿದ್ದೆ? ಯೇಸುಸ್ವಾಮಿ ಕೂಡ ಗೆತ್ಸೆಮನೆ ತೋಟದಲ್ಲಿ ಪ್ರಾಣ ಹೋಗುವಷ್ಟು ದುಃಖವಾಗಿದೆ, ಇಲ್ಲೇ ಎಚ್ಚರವಾಗಿದ್ದು ನನ್ನ ಜೊತೆ ಇರಿ ಎಂದು ಶಿಷ್ಯರನ್ನು ಕೇಳಿಕೊಂಡರು. ಶಿಷ್ಯರು ನಿದ್ದೆಹೋದರು. ಆಮೇಲೆ ಯೇಸು ಶಿಲುಬೆಯ ಮೇಲೆ, ಯಾಕೆ ನನ್ನ ಕೈಬಿಟ್ಟೆ ಎಂದು 22ನೇ ಕೀರ್ತನೆಯ ಮೊದಲ ಮಾತನ್ನೇ ಕೂಗಿದರು. ನಾನು ಮೊರೆಯಿಡುವ ದೇವರಿಗೆ ಈ ಕೂಗು ಒಳಗಿನಿಂದಲೇ ಗೊತ್ತು ಎಂಬುದು ಕ್ರೈಸ್ತಳಾದ ನನಗೆ ಎಲ್ಲಕ್ಕಿಂತ ದೊಡ್ಡ ಆಸರೆ.

ಈಗ ನಮ್ಮ ಸಭೆಗಳವರಿಗೆ, ಪ್ರೀತಿಯಿಂದಲೇ, ಒಂದೆರಡು ಮಾತು. ಕೂಟಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಕಾಯಿಲೆ ವಾಸಿಯಾಯಿತು, ಮಗನಿಗೆ ಕೆಲಸ ಸಿಕ್ಕಿತು, ವೀಸಾ ಬಂತು, ಸ್ತೋತ್ರ! ಸಂತೋಷ, ನಾನೂ ಜೊತೆಗೆ ಸ್ತೋತ್ರ ಹೇಳುತ್ತೇನೆ. ಆದರೆ ಇನ್ನೂ ವಾಸಿಯಾಗಿಲ್ಲ, ಇನ್ನೂ ಉತ್ತರ ಬಂದಿಲ್ಲ, ಆದರೂ ಪ್ರಾರ್ಥನೆ ಬಿಟ್ಟಿಲ್ಲ ಎಂದು ಎದ್ದು ನಿಂತು ಹೇಳಲು ಅಲ್ಲಿ ಯಾರಿಗೆ ಧೈರ್ಯ ಬರುತ್ತದೆ? ಅದೂ ಸಾಕ್ಷಿಯೇ ಅಲ್ವಾ? ಹೊಸವರ್ಷದ ವಾಗ್ದಾನದ ಕಾರ್ಡುಗಳಲ್ಲಿ ಆಶೀರ್ವಾದದ ವಚನಗಳೇ ಇರುತ್ತವೆ, ಕಣ್ಣೀರೇ ಊಟವಾಯಿತು ಎಂಬ ಸಾಲು ನನಗಂತೂ ಒಮ್ಮೆಯೂ ಬಂದಿಲ್ಲ. ಕಾರ್ಡಿಗೆ ಬೇಡ ಬಿಡಿ, ತಿಂಗಳಿಗೊಮ್ಮೆಯಾದರೂ ಆರಾಧನೆಯಲ್ಲಿ ಒಂದು ಮೊರೆಯ ಕೀರ್ತನೆಯನ್ನು ಪೂರ್ತಿ ಓದಿ, ಅರ್ಧಕ್ಕೆ ಬಿಡಬೇಡಿ. ಸಾವಿನ ಮನೆಗೆ ಹೋದವರು ಮೂರನೇ ದಿನಕ್ಕೇ "ದೇವರ ಚಿತ್ತ, ಧೈರ್ಯ ತಗೊಳ್ಳಿ" ಎಂದು ಎದ್ದುಬರಬೇಡಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಬಾಯಿ ತೆರೆದು ಅವನದೇ ತಪ್ಪು ಅಂದ ಮೇಲೇ ಅವರು ಕೆಟ್ಟದ್ದು.

ಡಾಕ್ಟರ ಹತ್ತಿರ ಹೋಗುವುದು ಅಪನಂಬಿಕೆ ಎನ್ನುವವರು ಇನ್ನೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗಿದರೆ ದೇವರು ಬೇಜಾರು ಮಾಡಿಕೊಳ್ಳುತ್ತಾನಾ? ನನಗೆ ನಿದ್ದೆ ಪೂರ್ತಿ ಕೆಟ್ಟಾಗ ನಮ್ಮ ಸಭಾಪಾಲಕರೇ, ಅಂದರೆ ಚರ್ಚಿನ ಪಾದ್ರಿಗಳೇ, ಧಾರವಾಡದಲ್ಲಿ ಮನೋವೈದ್ಯರನ್ನು ನೋಡಿ ಬನ್ನಿ ಎಂದರು, ಜೊತೆಗೆ ತಮ್ಮ ಪತ್ನಿಯನ್ನೂ ಕಳಿಸಿಕೊಟ್ಟರು. ಅವರು ಹಾಗೆ ಹೇಳಿದ್ದರಿಂದ ನನಗೆ ನಾಚಿಕೆ ಅನ್ನಿಸಲಿಲ್ಲ. ಪ್ರಾರ್ಥನೆಯೂ ನಡೆಯಿತು, ಔಷಧವೂ ನಡೆಯಿತು.

ನನ್ನ ಪರಿಸ್ಥಿತಿ ಪೂರ್ತಿ ಸರಿಹೋಯಿತು ಎಂದು ನಾನು ಬರೆಯುತ್ತಿಲ್ಲ. ಚರ್ಚಿನಲ್ಲಿ ಕೆಲವು ಭಾನುವಾರ ಹಾಡಲು ಆಗುತ್ತದೆ, ಕೆಲವು ಭಾನುವಾರ ಆಗುವುದಿಲ್ಲ. ಆಗದ ದಿನ ಪಕ್ಕದಲ್ಲಿ ನಿಂತವರು ಹಾಡುವುದನ್ನು ಕೇಳುತ್ತೇನೆ, ಅವರ ಹಾಡಿನಲ್ಲಿ ನನ್ನದೂ ಸೇರಿದೆ ಎಂದುಕೊಳ್ಳುತ್ತೇನೆ.

ಆ ಪತ್ರ ಬರೆದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಪ್ರಾರ್ಥಿಸಿ ಪ್ರಾರ್ಥಿಸಿ ಸೋತವರು ಒಬ್ಬರಾದರೂ ಇರುತ್ತಾರೆ, ನಿಮ್ಮ ಮಾತು ಓದಿ ಅವರು ಇನ್ನಷ್ಟು ಕುಗ್ಗಬಾರದು. ದಯವಿಟ್ಟು ಅವರನ್ನು ಹೋಗಿ ನೋಡಿ. ಸಂಪಾದಕರೇ, ಈ ವಿಷಯದ ಪತ್ರಗಳನ್ನು ಹಾಕುವಾಗ ಕೆಳಗೆ ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಪ್ರತಿ ಸಲವೂ ಅಚ್ಚು ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇದು ನಮ್ಮ ಸಭೆಯ ವಯಸ್ಸಾದವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನಾನೇ ಚೀಟಿಯಲ್ಲಿ ಬರೆದು ಹಂಚುತ್ತಿದ್ದೇನೆ.

ಇಂತಿ ನಿಮ್ಮ ಓದುಗಾರ್ತಿ,
ಗದಗ-ಬೆಟಗೇರಿ