ಸೋರುವ ಕಯಾಕ್ ಘಟ್ಟ ಇಳಿಯದಿರಲಿ

ಮಾನ್ಯ ಸಂಪಾದಕರಿಗೆ,

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಈ ದಿನಗಳಲ್ಲಿ ಸಂಪಾಜೆ ಘಟ್ಟದಲ್ಲೂ ಮಾಕುಟ್ಟದ ದಾರಿಯಲ್ಲೂ ಜೀಪಿನ ಮೇಲೆ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಕಟ್ಟಿಕೊಂಡು ಕರಾವಳಿಗೆ ಇಳಿಯುವ ಯುವಕರು ಕಾಣಸಿಗುತ್ತಾರೆ. ತೋಟದ ಕೆರೆಯಲ್ಲಿ ಹುಟ್ಟು ಹಾಕಿ ಕೈ ಪಳಗಿದವರಿಗೆ ಕಡಲಿನ ಆಸೆ ಹುಟ್ಟುವುದು ಸಹಜ. ಅದನ್ನು ತಪ್ಪೆನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಕೆರೆಯಲ್ಲಿ ಒಂದು ಹನಿಯೂ ಒಳಗೆ ಬಿಡದ ಕಯಾಕ್, ಸಮುದ್ರದಲ್ಲಿ ಒಂದೆರಡು ಗಂಟೆಯೊಳಗೆ ಯಾರ ಕಣ್ಣಿಗೂ ಬೀಳದಂತೆ ನೀರು ತುಂಬಿಕೊಳ್ಳಬಹುದು. ಆದ್ದರಿಂದ ಸೋರಿಕೆಯನ್ನು ಹುಡುಕುವ ಕೆಲಸ ಕಡಲತೀರದಲ್ಲಿ ಅಲ್ಲ, ಘಟ್ಟ ಇಳಿಯುವ ಮೊದಲು ನಮ್ಮ ಕಣದಲ್ಲೇ ಆಗಬೇಕು ಎಂಬುದು ನನ್ನ ಒತ್ತಾಯ.

ನಮ್ಮ ಕೊಡಗು ಜಿಲ್ಲೆಯಲ್ಲಿ ನೀರಿನ ಸಾಹಸವೆಂದರೆ ಹೆಚ್ಚಿನವರಿಗೆ ನೆನಪಾಗುವುದು ದುಬಾರೆ ಮತ್ತು ಬರಪೊಳೆಯ ರ‍್ಯಾಫ್ಟಿಂಗ್. ಗಾಳಿ ತುಂಬಿದ ಆ ರ‍್ಯಾಫ್ಟಿನಲ್ಲಿ ಹಲವು ಪ್ರತ್ಯೇಕ ಗಾಳಿಕೋಶಗಳಿರುತ್ತವೆ. ಒಂದು ತೂತಾದರೆ ಆ ಭಾಗ ಮೆತ್ತಗಾಗಿ ಕೈಗೆ ಕೂಡಲೇ ತಿಳಿಯುತ್ತದೆ, ಉಳಿದ ಕೋಶಗಳು ಅದನ್ನು ತೇಲಿಸುತ್ತವೆ. ಕಯಾಕ್‌ನ ಸ್ವಭಾವವೇ ಬೇರೆ. ಅದರ ಗಟ್ಟಿ ಒಡಲಿನ ಒಳಗೆ ಏನಾಗುತ್ತಿದೆ ಎಂಬುದು ಮೇಲೆ ಕುಳಿತವರಿಗೆ ಕಾಣುವುದಿಲ್ಲ. ಸಮುದ್ರಕ್ಕೆಂದೇ ತಯಾರಾದ ಉದ್ದನೆಯ ಕಯಾಕ್‌ನಲ್ಲಿ ಮುಂದೆ, ಹಿಂದೆ ಅಡ್ಡಗೋಡೆಗಳಿದ್ದು ಒಂದು ಕೋಣೆಗೆ ನೀರು ಬಂದರೂ ಉಳಿದವು ದೋಣಿಯನ್ನು ಎತ್ತಿ ಹಿಡಿಯುತ್ತವೆ. ಬಾಡಿಗೆಗೆ ಸಿಗುವ, ಮೇಲೆ ಕುಳಿತು ಹುಟ್ಟು ಹಾಕುವ ಅಗ್ಗದ ಮಾದರಿಗಳಲ್ಲಿ ಹಲವಕ್ಕೆ ಅಡ್ಡಗೋಡೆಯೇ ಇಲ್ಲ. ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಒಳಗೆಲ್ಲ ಒಂದೇ ಟೊಳ್ಳು. ನನ್ನ ಮಟ್ಟಿಗೆ ಹೇಳುವುದಾದರೆ ಇಂಥದ್ದನ್ನು ದಡದಿಂದ ದೂರ ಒಯ್ಯಲೇಬಾರದು. ಒಯ್ಯುವುದೇ ಆದರೆ ಒಳಗೆ ಗಾಳಿಚೀಲಗಳನ್ನು, ಅವು ಸಿಗದಿದ್ದರೆ ಬಿಗಿಯಾಗಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನಾದರೂ ಅಲುಗಾಡದಂತೆ ತುಂಬಿರಬೇಕು.

ನೀರಿನ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ 5 ಮಿಲಿಮೀಟರ್ ಅಗಲದ ಒಂದು ತೂತಿದ್ದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಒಳಗೆ ಬರುತ್ತದೆ. ಇಪ್ಪತ್ತು ನಿಮಿಷಕ್ಕೆ 20 ಕಿಲೋ ಭಾರ. ಅಷ್ಟು ಭಾರವನ್ನು ಚೀಲದಲ್ಲಿ ಕಟ್ಟಿ ಇಟ್ಟಿದ್ದರೆ ಕಯಾಕ್ ಅದನ್ನು ಸಲೀಸಾಗಿ ಹೊತ್ತೊಯ್ಯುತ್ತಿತ್ತು, ಏಕೆಂದರೆ ಚೀಲ ಇಟ್ಟಲ್ಲೇ ಇರುತ್ತದೆ. ನೀರು ಹಾಗಲ್ಲ, ಅಲೆಗೆ ದೋಣಿ ಎಡಕ್ಕೆ ವಾಲಿದರೆ ಒಳಗಿನ ನೀರೂ ಎಡಕ್ಕೇ ಓಡಿ ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಸೋರಿದ ಕಯಾಕ್ ಸಾಮಾನ್ಯವಾಗಿ ಮುಳುಗುವುದಕ್ಕೆ ಬಹಳ ಮೊದಲೇ ಮಗುಚುವುದು ಇದೇ ಕಾರಣಕ್ಕೆ.

ಕೆರೆಯಲ್ಲಿ ಕಾಣದ ಸೋರಿಕೆ ಕಡಲಿನಲ್ಲಿ ಹೇಗೆ ಬಂತು ಎಂದು ಕೇಳುವವರಿದ್ದಾರೆ. ಕೆರೆಯಲ್ಲಿ ತೋಯುವುದು ದೋಣಿಯ ತಳ ಮಾತ್ರ. ಕಡಲಿನಲ್ಲಿ ಪ್ರತಿ ಅಲೆಯೂ ಮೇಲ್ಮೈಯನ್ನು ತೊಳೆದುಕೊಂಡು ಹೋಗುತ್ತದೆ. ಸೋರುವ ಜಾಗಗಳಲ್ಲಿ ಬಹುಪಾಲು ಇರುವುದು ಮೇಲ್ಮೈಯಲ್ಲೇ: ಒಳಗಿನ ಕೋಣೆಗಳ ಬಾಯಿಗೆ ಹಾಕುವ ಮುಚ್ಚಳದ, ಬಿಸಿಲಿಗೆ ಒಣಗಿ ಬಿರಿದ ರಬ್ಬರ್, ಮುಚ್ಚಳದ ಅಂಚಿನಲ್ಲಿ ಸಿಕ್ಕಿಕೊಂಡ ಮರಳು, ಹಗ್ಗದ ಕೊಂಡಿ ಮತ್ತು ಹಿಡಿಗಳನ್ನು ಕೂರಿಸಿದ ತಿರುಪುಗಳ ತೂತು, ಚುಕ್ಕಾಣಿಯ ತಂತಿ ಒಳಹೊಗುವ ಜಾಗ. ನೀರು ಬಸಿಯುವ ಬಿರಡೆಯ ವಾಷರ್ ಸವೆದಿದ್ದರೂ ಸಾಕು. ಮೇಲೆ ಕುಳಿತುಕೊಳ್ಳುವ ಮಾದರಿಯಲ್ಲಿ ಮೇಲಿನಿಂದ ತಳದವರೆಗೆ ನೀರು ಇಳಿದುಹೋಗುವ ಕೊಳವೆಯಂಥ ತೂತುಗಳಿರುತ್ತವೆ. ಸಾಗಿಸುವ ಗಾಡಿಯ ಕಡ್ಡಿಗಳನ್ನು ಅವುಗಳಿಗೇ ತೂರಿಸುವುದರಿಂದ ಆ ಕೊಳವೆಗಳ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅದನ್ನು ಬೆರಳಾಡಿಸಿ ಹುಡುಕಬೇಕು, ಕಣ್ಣಿಗೆ ಬೇಗ ಕಾಣುವುದಿಲ್ಲ.

ಕೊಡಗಿನಂಥ ಎತ್ತರದ ಜಾಗದವರಿಗೆ ಇರುವ ತೊಡಕೊಂದಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಎಂಟನೇ ಒಂದು ಭಾಗದಷ್ಟು ಕಡಿಮೆ. ಇಲ್ಲಿ ಮುಚ್ಚಳ ಬಿಗಿದ ಕಯಾಕ್ ಕಡಲತೀರ ತಲುಪುವಷ್ಟರಲ್ಲಿ ಹೊರಗಿನ ಗಾಳಿ ಅದನ್ನು ಒತ್ತತೊಡಗುತ್ತದೆ. ಮುಚ್ಚಳ ಒಳಕ್ಕೆ ಕುಸಿದಂತಾಗಿ ರಬ್ಬರ್ ತನ್ನ ಜಾಗದಿಂದ ಜರುಗುತ್ತದೆ. ಇಷ್ಟು ಸಾಲದೆಂಬಂತೆ ಬಿಸಿಲಿನಲ್ಲಿ ಕಾದ ದೋಣಿಯನ್ನು ತಣ್ಣನೆಯ ನೀರಿಗಿಳಿಸಿದಾಗ ಒಳಗಿನ ಗಾಳಿ ಇನ್ನಷ್ಟು ಕುಗ್ಗಿ, ಸಂದು ಸಿಕ್ಕಲ್ಲೆಲ್ಲ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರ ಸುಲಭ, ಖರ್ಚೂ ಇಲ್ಲ: ಸಾಗಿಸುವಾಗ ಮುಚ್ಚಳಗಳನ್ನೂ ಬಿರಡೆಯನ್ನೂ ತೆಗೆದು ಜೀಪಿನೊಳಗೆ ಇಟ್ಟುಕೊಳ್ಳಿ, ದೋಣಿ ನೀರಿನಲ್ಲಿ ಸ್ವಲ್ಪ ತಣಿದ ಮೇಲೆ ಬಿಗಿಯಿರಿ. ಬಿರಡೆಯನ್ನು ಮರೆಯದೆ ಹಾಕಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಾದರೂ ಹೇಳಿಬಿಡುತ್ತೇನೆ. ಇನ್ನು ಘಟ್ಟದ ತಿರುವುಗಳಲ್ಲಿ ಜಾರದಿರಲೆಂದು ಪಟ್ಟಿಯನ್ನು ಜೀವ ಹೋಗುವಷ್ಟು ಬಿಗಿಯುವ ಅಭ್ಯಾಸ ಬೇಡ. ಬಿಸಿಲಿಗೆ ಮೆದುವಾದ ಪಾಲಿಥೀನ್ ಒಡಲು ಅಲ್ಲೇ ತಗ್ಗಾಗುತ್ತದೆ, ಅಡ್ಡಗೋಡೆಯ ಅಂಚು ಬಿಟ್ಟುಕೊಳ್ಳುತ್ತದೆ.

ಪರೀಕ್ಷೆಗೆ ಯಂತ್ರಗಳೇನೂ ಬೇಡ. ಕಯಾಕನ್ನು ಎರಡು ಮರದ ಸ್ಟ್ಯಾಂಡುಗಳ ಮೇಲಿಟ್ಟು ಒಂದೊಂದೇ ಕೋಣೆಗೆ ಒಂದೆರಡು ಬಕೆಟ್ ನೀರು ಹಾಕಿ, ಮುಂದಕ್ಕೂ ಹಿಂದಕ್ಕೂ ಅಕ್ಕಪಕ್ಕಕ್ಕೂ ವಾಲಿಸಿ, ಹೊರಗಾಗಲಿ ಪಕ್ಕದ ಕೋಣೆಗಾಗಲಿ ನೀರು ಜಿನುಗುತ್ತದೆಯೇ ನೋಡಬೇಕು. ತುಂಬ ನೀರು ತುಂಬಿಸಿದರೆ ಅದರ ಭಾರಕ್ಕೇ ಅಡ್ಡಗೋಡೆ ಕಿತ್ತುಬಂದೀತು. ಎರಡನೆಯ ದಾರಿಯೆಂದರೆ ಹೊರಮೈಗೆ ಸೋಪಿನ ನೀರು ಸವರಿ, ಬಿರಡೆಯ ತೂತಿನಿಂದ ಬಾಯಲ್ಲಿ ಗಾಳಿ ಊದುವುದು. ಗುಳ್ಳೆ ಎದ್ದಲ್ಲಿ ತೂತಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಇದಕ್ಕೆ ಬಳಸಬಾರದು, ಆ ಒತ್ತಡವನ್ನು ಅಡ್ಡಗೋಡೆ ತಾಳದು. ಮುಚ್ಚಳಗಳ ಪರೀಕ್ಷೆ ಬೇರೆಯೇ ಆಗಬೇಕು. ಒಳಗೆ ತಮ್ಮ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ಹರಡಿ, ಮುಚ್ಚಳ ಬಿಗಿದು, ಖಾಲಿ ಕಯಾಕನ್ನು ಕೆರೆಯಲ್ಲಿ ಕವುಚಿ ಐದಾರು ನಿಮಿಷ ಬಿಟ್ಟು ತೆಗೆದರೆ ಕಾಗದ ಎಲ್ಲಿ ತೋಯ್ದಿದೆ ಎಂಬುದರಿಂದಲೇ ಸಂದು ಯಾವ ಕಡೆಗಿದೆ ಎಂದು ಗೊತ್ತಾಗುತ್ತದೆ.

ದುರಸ್ತಿಯಲ್ಲಿ ಹಣ ಪೋಲಾಗುವುದು ವಸ್ತು ಯಾವುದೆಂದು ನೋಡದೆ ಅಂಟು ಮೆತ್ತುವುದರಿಂದ. ಹೆಚ್ಚಿನ ಕಯಾಕ್‌ಗಳು ಮನೆಯ ನೀರಿನ ಟ್ಯಾಂಕಿನಂತೆಯೇ ಪಾಲಿಥೀನ್‌ನಿಂದ ಆದವು. ಎಂ-ಸೀಲ್‌ನಂಥ ಎಪಾಕ್ಸಿ ಮೆತ್ತೆಯಾಗಲಿ, ಸಿಲಿಕೋನ್ ಆಗಲಿ ಈ ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಕಚ್ಚುವುದಿಲ್ಲ. ದಡದಲ್ಲಿ ಅಂಟಿದಂತೆ ತೋರಿ, ಒಡಲು ಅಲೆಗೆ ಬಾಗಿದಾಗ ಹಪ್ಪಳದಂತೆ ಎದ್ದುಬರುತ್ತದೆ. ಟ್ಯಾಂಕ್ ದುರಸ್ತಿ ಮಾಡುವವರು ಬಿಸಿಗಾಳಿಯಿಂದ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕರಗಿಸಿ ಬೆಸೆಯುತ್ತಾರಲ್ಲ, ಬಿರುಕಿಗೆ ಅದೇ ಸರಿಯಾದ ಚಿಕಿತ್ಸೆ. ಫೈಬರ್ ದೋಣಿಯಾದರೆ ಬಿರುಕನ್ನು ಉಜ್ಜಿ, ಚೆನ್ನಾಗಿ ಒಣಗಿಸಿ, ಒಳಗಿನಿಂದ ಫೈಬರ್ ಗ್ಲಾಸ್ ಬಟ್ಟೆ ಮತ್ತು ರೆಸಿನ್ ಹಾಕಿಸಬೇಕು. ತಿರುಪಿನ ತೂತುಗಳಿಗೆ ರಬ್ಬರ್ ವಾಷರ್ ಮತ್ತು ಬ್ಯುಟೈಲ್ ಟೇಪ್ (ಜಿಗುಟಾದ ಮೆತ್ತನೆಯ ರಬ್ಬರ್ ಪಟ್ಟಿ) ಸಾಕು.

ಇಷ್ಟೆಲ್ಲ ಮಾಡಿದರೂ ಕಲ್ಲಿಗೆ ತಾಗಿ ಒಡಲು ಸೀಳಬಹುದು. ಆಗ ಮೊದಲು ತಿಳಿಯುವುದು ಕೈಗೆ: ಹುಟ್ಟು ಭಾರವಾಗುತ್ತದೆ, ದೋಣಿ ತಿರುಗಲು ತಡಮಾಡುತ್ತದೆ, ಒಂದು ತುದಿ ತಗ್ಗುತ್ತದೆ, ವಾಲಿದ ಮೇಲೆ ನೆಟ್ಟಗಾಗಲು ಹಿಂದೆಮುಂದೆ ನೋಡುತ್ತದೆ. ಸುಸ್ತಾಗಿರಬೇಕೆಂದು ಇದನ್ನು ತಳ್ಳಿಹಾಕದೆ ಜೊತೆಗಾರರನ್ನು ಕೂಡಲೇ ಕೂಗಿ ಕರೆಯಬೇಕು. ಇನ್ನೊಂದು ಕಯಾಕ್ ಪಕ್ಕಕ್ಕೆ ಬಂದು, ಎರಡನ್ನೂ ಜೋಡಿಸಿ ಹಿಡಿದುಕೊಂಡ ಮೇಲಷ್ಟೇ ಮುಚ್ಚಳ ತೆಗೆಯಬೇಕು, ಅದೂ ಒಂದು ಸಲಕ್ಕೆ ಒಂದನ್ನು. ಕೈಪಂಪಿನಿಂದ ನೀರು ತೆಗೆದು, ಉಳಿದದ್ದನ್ನು ಸ್ಪಂಜಿನಿಂದ ಹೀರಿ, ಬಿರುಕು ಕೈಗೆಟುಕಿದರೆ ಬಟ್ಟೆಯಿಂದ ಒರೆಸಿ ಬ್ಯುಟೈಲ್ ಟೇಪನ್ನು ಒತ್ತಿ ಕೂರಿಸಿದರೆ ದಡ ಸೇರುವವರೆಗೆ ಅದು ತಡೆಯುತ್ತದೆ. ಒಂಟಿಯಾಗಿದ್ದಾಗ ಅಲೆಯ ನಡುವೆ ಮುಚ್ಚಳ ತೆಗೆದರೆ ಸೋರಿಕೆಯಿಂದ ಬಂದದ್ದಕ್ಕಿಂತ ಹೆಚ್ಚು ನೀರು ಮೇಲಿನಿಂದ ಬರುತ್ತದೆ. ಹಾಗಿರುವಾಗ ಹೊರಟ ಜಾಗಕ್ಕೇ ಮರಳುವ ಹಟ ಬಿಟ್ಟು, ಕಲ್ಲಿಲ್ಲದ ಹತ್ತಿರದ ದಡಕ್ಕೆ ತಿರುಗುವುದೇ ಸರಿ. ಬೆಳಗಿನ ಹೊತ್ತು ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಹೋಗುವಾಗ ಹಿತವೆನಿಸುತ್ತದೆ. ನೀರು ತುಂಬಿದ ದೋಣಿಯಲ್ಲಿ ಅದೇ ಗಾಳಿಗೆ ಎದುರಾಗಿ ಮರಳುವುದು ಎಷ್ಟು ಕಷ್ಟ ಎಂಬುದನ್ನು ಹೊರಡುವಾಗಲೇ ಲೆಕ್ಕಕ್ಕೆ ಇಟ್ಟುಕೊಂಡಿರಬೇಕು.

ಮಗುಚಿದರೆ ದೋಣಿಯನ್ನು ಬಿಟ್ಟು ಈಜಬಾರದು. ಅಲೆಗಳ ನಡುವೆ ಮನುಷ್ಯನ ತಲೆ ಕಾಣುವುದಿಲ್ಲ, ದೋಣಿ ಕಾಣುತ್ತದೆ. ಲೈಫ್ ಜಾಕೆಟ್ಟಿಗೆ ಸೀಟಿ ಕಟ್ಟಿರಲಿ, ನೀರು ಹೊಗದ ಚೀಲದಲ್ಲಿ ಫೋನ್ ಮೈಮೇಲೆಯೇ ಇರಲಿ. ಕರಾವಳಿ ಕಾವಲು ಪಡೆಯ ಶೋಧ ಮತ್ತು ರಕ್ಷಣೆಯ ಸಂಖ್ಯೆ 1554. ಜೊತೆಗೆ 112 ಇದ್ದೇ ಇದೆ.

ಬಾಡಿಗೆಗೆ ಕಯಾಕ್ ಕೊಡುವವರಲ್ಲೂ, ಅತಿಥಿಗಳನ್ನು ಕರೆದೊಯ್ಯುವ ನಮ್ಮ ಹೋಂಸ್ಟೇ ಮಾಲೀಕರಲ್ಲೂ ಒಂದು ವಿನಂತಿ. ದಿನದ ಕೊನೆಗೆ ಪ್ರತಿ ಕಯಾಕನ್ನೂ ಓರೆಯಾಗಿ ಎತ್ತಿ, ಬಿರಡೆ ತೆಗೆದು, ಬಸಿದ ನೀರನ್ನು ಬಕೆಟಿನಲ್ಲಿ ಹಿಡಿದು ಅಳೆದು ಪುಸ್ತಕದಲ್ಲಿ ಬರೆದಿಡಿ. ನಿನ್ನೆಗಿಂತ ಇಂದು ಹೆಚ್ಚು ಬಂದಿದ್ದರೆ ಆ ಕಯಾಕ್ ನಾಳೆ ನೀರಿಗಿಳಿಯಬಾರದು. ಬಾಡಿಗೆಗೆ ಪಡೆಯುವವರೂ ಸಂಕೋಚಪಡದೆ ಆ ಪುಸ್ತಕವನ್ನು ಕೇಳಿ ನೋಡಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವ ಮಳೆಗಾಲದಲ್ಲಿ ಕಯಾಕ್‌ಗಳೂ ಶೆಡ್ಡಿನಲ್ಲೇ ಇರುತ್ತವೆ. ಆಗ ಮುಚ್ಚಳಗಳನ್ನು ಬಿಗಿಯದೆ, ಉಪ್ಪು ತೊಳೆದು, ಇಲಿಗಳು ರಬ್ಬರನ್ನು ಕಡಿಯದ ಜಾಗದಲ್ಲಿ ತೂಗುಹಾಕಿ, ಬಿರುಕಿನ ಬೆಸುಗೆ ಕೆಲಸವನ್ನೂ ಸೆಪ್ಟೆಂಬರಿಗೆ ಮೊದಲು ಮುಗಿಸಿಕೊಳ್ಳಬಹುದು.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ಮಡಿಕೇರಿ ತಾಲ್ಲೂಕು, ಕೊಡಗು